ಸೀನಿನ ಮಾತ್ರೆಯೂ ಗಿರಿಜೆಯ ಬೆಕ್ಕೂ

ದುಃಖದಲ್ಲಿರುವವನಿಗೆ ಸೀನುವ ಹಕ್ಕಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮೂಗು ಒರೆಸಿಕೊಂಡರೆ ಜನ ‘ಪಾಪ, ಅಳುತ್ತಿದ್ದಾನೆ’ ಎನ್ನುತ್ತಾರೆ. ಅಳುವಲ್ಲ, ಅಲರ್ಜಿ ಎಂದರೆ ‘ಹೆಂಡತಿ ಹೋಗಿ ನಾಲ್ಕು ತಿಂಗಳಿಗೇ ಇವನ ಅಳು ಮುಗಿಯಿತೇ’ ಎನ್ನುತ್ತಾರೆ. ನಾನು ಯಡ್ತರೆಯಲ್ಲಿ ಹೊಲಿಗೆ ಮಿಷನ್ ಮೆಟ್ಟಿ ಬದುಕಿದವನು. ಏಳನೇ ತರಗತಿಯ ಮೇಲೆ ಓದಿದ್ದೆಂದರೆ ಗಿರಾಕಿಗಳ ಅಳತೆ ಪುಸ್ತಕವೊಂದೇ. ಅಳುವನ್ನೂ ಅಲರ್ಜಿಯನ್ನೂ ಒಂದೇ ಮೂಗಿನಲ್ಲಿ ಮರ್ಯಾದೆಯಿಂದ ನಡೆಸುವ ಜಾಣತನ ನನಗೆ ಬರಲಿಲ್ಲ.

ಸೀನಿಗೆ ಕಾರಣ ನನ್ನ ಹೆಂಡತಿ ಗಿರಿಜೆಯ ಬೆಕ್ಕು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದುದರಿಂದ ಅವಳು ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಿದ್ದಳು. ಅದು ಮೈ ಕೊಡವಿದರೆ ನನಗೆ ಸಾಲಾಗಿ ಹತ್ತು ಸೀನು. ಒಂದು ದಿನ ತಲೆಕೆಟ್ಟು, “ಈ ಮನಿಯಂಗ್ ಒಂದಾ ಬೆಕ್ಕ್, ಇಲ್ದಿರೆ ನಾನ್” ಎಂದುಬಿಟ್ಟೆ. ಮೀನು ಕೊಯ್ಯುತ್ತಿದ್ದ ಗಿರಿಜೆ ತಲೆ ಎತ್ತದೆ, “ಹೋಪುದಾರೆ ಕೊಡೆ ತಕಂಡ್ ಹೋಯ್ನಿ. ಮಳಿ ಬಪ್ಪಂಗಿತ್ತ್” ಎಂದಳು. ಆಮೇಲೆ ಅವಳೇ ಒಂದು ಗಡಿ ಹಾಕಿದಳು. ನಾನು ಒಳಗಿದ್ದರೆ ಬೆಕ್ಕು ಜಗಲಿಗೆ, ನಾನು ಜಗಲಿಗೆ ಬಂದರೆ ಬೆಕ್ಕು ಒಳಗೆ. ನಾಲ್ಕು ತಿಂಗಳ ಹಿಂದೆ ಒಂದು ರಾತ್ರಿ ಎದೆನೋವೆಂದು ಮಲಗಿದವಳು ಏಳಲಿಲ್ಲ. ಗಡಿ ಕಾಯುವವರು ಇಲ್ಲವಾದರು. ನಾನು ಕತ್ತರಿಸಿಟ್ಟ ಬಟ್ಟೆಯ ಮೇಲೆಯೇ ಸಾವ್ಕಾರ ಮಲಗತೊಡಗಿದ.

ಮದ್ದಿಲ್ಲವೇ ಎಂದರೆ ಇದೆ. ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರ ಚೀಟಿ ಕೇಳದೆ ಕೊಡುವ, ಒಂದು ಲೋಟ ಚಹಕ್ಕಿಂತ ಅಗ್ಗದ ಮಾತ್ರೆ. ನಾನು ಒಮ್ಮೆಗೆ ಎರಡೇ ಕೊಳ್ಳುವವನು. ಅಂಗಡಿಯವರು ಕತ್ತರಿ ಆಡಿಸಿ ಎರಡನ್ನು ಬಿಡಿಸಿ ಕೊಡುತ್ತಿದ್ದರು. ದರ್ಜಿಯಾದ ನಾನು ಅವರ ಕೈಯ ನೇರವನ್ನು ಮೆಚ್ಚಿಕೊಂಡು ಬರುತ್ತಿದ್ದೆನೇ ಹೊರತು, ಮಾತ್ರೆಯ ಅವಧಿ ಮುಗಿಯುವ ತಾರೀಕು ಅವರ ಕಡೆಯ ತುಂಡಿನಲ್ಲೇ ಉಳಿಯಿತೆಂದು ಒಂದು ದಿನವೂ ಯೋಚಿಸಲಿಲ್ಲ. ಆ ಮಾತ್ರೆ ಸೀನನ್ನು ನಿಲ್ಲಿಸುವಾಗ ಮನುಷ್ಯನನ್ನೂ ನಿಲ್ಲಿಸುತ್ತದೆ. ಒಂದು ಮಧ್ಯಾಹ್ನ ರವಕೆಯ ತೋಳು ಹೊಲಿಯುತ್ತ ತೂಕಡಿಸಿದೆ. ಸೂಜಿ ನನ್ನ ಬೆರಳನ್ನೂ ತೋಳಿಗೆ ಸೇರಿಸಿ ಹೊಲಿಯಿತು.

ಬೆರಳಿನ ಬ್ಯಾಂಡೇಜು ನೋಡಿದ್ದೇ, ವಂಡ್ಸೆಯಿಂದ ಬಂದಿದ್ದ ನನ್ನ ಅಕ್ಕ ತೀರ್ಪು ಕೊಟ್ಟಳು. “ಹ್ವಾಯ್ ತಮ್ಮಾ, ಆ ಬೆಕ್ಕ್ ಇದ್ರೆ ನಿಂಗೆ ಸುಖ ಇಲ್ಲೆ. ಹೊಳಿ ದಾಟ್ಸಿ ಬಿಟ್ಟ್ ಬಾ.” ಬೇಡವಾದ ಬೆಕ್ಕನ್ನು ಹೊಳೆಯಾಚೆ ಬಿಡುವುದು ನಮ್ಮಲ್ಲಿ ವಾಡಿಕೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಮರೆಯುತ್ತದಂತೆ.

“ಅದ್ ಗಿರಿಜೆ ಬೆಕ್ಕ್ ಅಕ್ಕಾ.”

“ಗಿರಿಜೆ ಕಾಂಬುಕೆ ಬತ್ಲಾ?”

ಅಕ್ಕ ಕೆಟ್ಟವಳಲ್ಲ. ನಾಲ್ಕು ತಿಂಗಳಿಂದ ನನಗೆ ಸಾರು ಮಾಡಿ ತಂದುಕೊಟ್ಟವಳು. ಅವಳಿಗೆ ನಾನು ಹುಟ್ಟಿದಂದಿನಿಂದ ಎದುರಾಡಿದವನಲ್ಲ. ಹೊಳೆಯಾಚೆಯ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬಿಡುವುದೆಂದು ತೀರ್ಮಾನವಾಯಿತು. ಬೆಕ್ಕನ್ನು ಚೀಲದಲ್ಲಿ ಹಾಕಿ ಮಡಿಲಲ್ಲಿಟ್ಟು ಬಸ್ಸಿನಲ್ಲಿ ಕೂರಬೇಕಲ್ಲ ಎಂದು ನನ್ನ ಮಾತ್ರೆ ನುಂಗಿದೆ. ಅಕ್ಕ ತನ್ನ ಪರ್ಸಿನಿಂದ ಬೇರೊಂದು ತೆಗೆದು, “ಅದ್ ಸೀನಿಗೆ, ಇದ್ ನೆಗ್ಡಿಗೆ. ಎರಡೂ ತಕೋ” ಎಂದಳು. ತೆಗೆದುಕೊಂಡೆ. ಬರುವಾಗಲೂ ಬೇಕಾದೀತೆಂದು ಉಳಿದ ಮಾತ್ರೆಗಳನ್ನು ಜೇಬಿಗೆ ತುರುಕಿದಳು.

ಬೈಂದೂರಿನಲ್ಲಿ ಬಸ್ಸು ಹತ್ತಿದ್ದು ನೆನಪಿದೆ. ಮತ್ತೆ ನೆನಪಿರುವುದು ಕಂಡಕ್ಟರ್ ಹೆಗಲು ಅಲ್ಲಾಡಿಸಿದ್ದು. “ಹ್ವಾಯ್, ಕುಂದಾಪ್ರದಂಗೆ ಎರಡ್ ಸಲ ಕೂಗ್ದೆ ಮಾರ್ರೆ. ನಿಮ್ಮ್ ಬೆಕ್ಕಿಗೆ ಎಚ್ರ ಆಯ್ತ್, ನಿಮ್ಗೆ ಆಯ್ಲಿಲ್ಲ!” ಕಿಟಕಿಯಲ್ಲಿ ನೋಡಿದರೆ, ಇಳಿಯಬೇಕಾದ ಕುಂದಾಪುರ ಎಂದೋ ಹಿಂದಾಗಿ ಬ್ರಹ್ಮಾವರ ಬಂದಿತ್ತು. ನಡುದಾರಿಯ ಕುಂಭಾಶಿಯ ಗಣಪತಿಗೆ ಬಸ್ಸಿನಿಂದಲೇ ಕೈಮುಗಿಯುವುದೂ ತಪ್ಪಿಹೋಗಿತ್ತು. ಚೀಲದ ಬಾಯಿ ಯಾವಾಗಲೋ ಬಿಚ್ಚಿಕೊಂಡಿತ್ತು. ಸಾವ್ಕಾರ ಬೇಕಾದಲ್ಲಿ ಜಿಗಿದು ಹೋಗಬಹುದಿತ್ತು. ಹೋಗಿರಲಿಲ್ಲ. ಮುಂಗಾಲು ನನ್ನ ಕೈಮೇಲಿಟ್ಟು, ನಿದ್ದೆ ಮಾಡುವವನನ್ನು ಕಾಯುವವನಂತೆ ಕೂತಿದ್ದ. ನಾಲ್ಕು ತಿಂಗಳಲ್ಲಿ ನನ್ನ ನಿದ್ದೆಯ ಪಕ್ಕ ಯಾರೂ ಕೂತಿರಲಿಲ್ಲ.

ನಿದ್ದೆಯ ಮಂಪರು ಇನ್ನೂ ಬಿಡದ್ದರಿಂದ ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್‌ಗೆ ಹೋಗಿ, ಅಲ್ಲಿದ್ದ ಕನ್ನಡಕದ ಹೆಂಗಸಿಗೆ ಜೇಬಿನಲ್ಲಿದ್ದ ಎರಡೂ ಬಗೆಯ ಮಾತ್ರೆ ತೋರಿಸಿದೆ. ಆಕೆ ಓದಿ ಹಣೆ ಚಚ್ಚಿಕೊಂಡರು. “ಈ ನೆಗ್ಡಿ ಮಾತ್ರೆ ಒಳ್ಗೂ ನಿಮ್ಮ್ ಸೀನಿನ್ ಮದ್ದೇ ಇತ್ತ್ ಮಾರ್ರೆ! ಹೆಸ್ರ್ ಬೇರೆ, ಬಣ್ಣ ಬೇರೆ, ರೇಟ್ ಬೇರೆ. ಒಂದೇ ಮದ್ದ್ ಎರಡ್ ಸಲ ನುಂಗಿದ್ರಿ. ಬಿ.ಪಿ. ಇತ್ತಾ?”

“ಹೆಂಡ್ತಿ ಇಪ್ಪ ಹೊತ್ತಿಗೆ ಇರ್ಲಿಲ್ಲ” ಎಂದೆ.

ಆಕೆ ಎರಡೂ ಬಗೆಯ ಮಾತ್ರೆಗಳನ್ನು ಬದಿಗೆ ಸರಿಸಿದರು. ಇವತ್ತು ಇನ್ನು ಯಾವ ಮಾತ್ರೆಯೂ ಬೇಡ, ಬಿ.ಪಿ. ತೋರಿಸಿ, ಡಾಕ್ಟರನ್ನೂ ಕೇಳಿ ಎಂದರು. ನಿದ್ದೆ ಕಡಿಮೆ ತರುವ ಮಾತ್ರೆಯೊಂದರ ಬೆಲೆ ಹೇಳಿದಾಗ ನನಗೆ ಮದ್ದಿಲ್ಲದೆಯೇ ಪೂರ್ತಿ ಎಚ್ಚರವಾಯಿತು. ಕಡಿಮೆಯದ್ದು ಇದೆಯೇ ಎಂದಾಗ ಇನ್ನೊಂದು ಕಂಪೆನಿಯದ್ದು ಮುಂದಿಟ್ಟರು. ಮದ್ದು ಅದೇ, ಬೆಲೆ ಅರ್ಧಕ್ಕಿಂತ ಕಡಿಮೆ. “ಕೇಂಡ್ರೆ ಮಾತ್ರ ಕೊಡುದ್, ಯಾರೂ ಕೇಂಬುದಿಲ್ಲ. ದಿನಕ್ಕೆ ಒಂದೇ. ಮೊದ್ಲ್ ಸಲ ತಕಂಡ್ ದಿನ ಮಿಷನ್ ಮೆಟ್ಟ್‌ಬೇಡಿ. ಮುಖ ಬಾತ್ರೆ, ಉಸ್ರ್ ಕಟ್ರೆ ಮಾತ್ರೆ ಹುಡ್ಕುದಲ್ಲ, ಆಸ್ಪತ್ರಿಗೆ ಓಡ್ಕ್.” ಆಮೇಲೆ ಚೀಲದ ಕಡೆ ನೋಡಿ, “ಬೆಕ್ಕ್ ಮನಿಯಂಗ್ ಇಲ್ದಿರೆ ಇದೆಲ್ಲ ಬೇಡವೇ ಬೇಡ” ಎಂದರು.

“ಅದೊಂದ್ ಆಪುದಲ್ಲ” ಎಂದೆ. ಇಷ್ಟು ಗಟ್ಟಿಯಾಗಿ ಹೇಳಿದ್ದು ನಾನೇ ಹೌದೋ ಎಂದು ಹಿಂದೆ ತಿರುಗಿ ನೋಡಿದೆ. ತಾರೀಕು ಇರುವ ಇಡೀ ಸ್ಟ್ರಿಪ್ಪನ್ನು, ಕತ್ತರಿ ಮುಟ್ಟಿಸದೆ, ಕೊಂಡುಕೊಂಡೆ.

ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಕಾಯುತ್ತಿದ್ದಳು. “ಎಂತ, ಬಿಟ್ಟ್ಯಾ?” ಎನ್ನುವಷ್ಟರಲ್ಲಿ ಚೀಲ ಅಲುಗಾಡಿತು.

“ಬಿಡ್ಲಿಲ್ಲ. ಬಿಡುದೂ ಇಲ್ಲೆ.”

“ಸೀನ್ ಬಂದ್ರೆ?”

“ಸೀನ್ತೆ.”

ಅಕ್ಕ ನನ್ನನ್ನು ಹೊಸಬನನ್ನು ನೋಡಿದಂತೆ ನೋಡಿ, ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅರವತ್ತೆರಡು ವರ್ಷಕ್ಕೆ ಮೊದಲ ಬಾರಿ ಎದುರುಮಾತಾಡಿದ ಹೆಮ್ಮೆಯಲ್ಲಿ, ಇನ್ನು ಈ ಮನೆಯಲ್ಲಿ ಯಾರ ಅಪ್ಪಣೆಯೂ ನನ್ನ ಮೇಲೆ ನಡೆಯುವುದಿಲ್ಲ ಎಂದು ಕಾಲ ಮೇಲೆ ಕಾಲು ಹಾಕಿ ಕೂತೆ. ಅಷ್ಟರಲ್ಲಿ ಸಾವ್ಕಾರ ಅಡುಗೆಮನೆಯಿಂದ ಒಮ್ಮೆ ಕೂಗಿದ. ನಾನು ಎದ್ದುಹೋಗಿ ಅವನಿಗೆ ಬಂಗುಡೆ ಮೀನು ಕೊಯ್ಯಲು ಕೂತೆ.