ಒಂದು ನೆಲಗಡಲೆ ಕಮ್ಮಿ

ಅಷ್ಟೆಲ್ಲ ರಗಳೆಗೆ ಕಾರಣ ಒಂದೇ ಒಂದು ಹುರಿದ ನೆಲಗಡಲೆ ಎಂದರೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಯಾರೂ ನಂಬುವುದಿಲ್ಲ.

ಹೋಟೆಲ್ ಪುಂಡರೀಕಾಕ್ಷನ ಮಗಳು ಅಪೇಕ್ಷಾ ಅಪ್ಪನೊಡನೆ ಮಾತು ಬಿಟ್ಟು ವಾರವಾಗಿತ್ತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅವಳು ಬರೆದಿಟ್ಟ ಚಾರ್ಟನ್ನು ಈ ಮಹಾನುಭಾವ "ಒಳ್ಳೆ ದಪ್ಪ ಕಾಗದ" ಎಂದು ಹೋಟೆಲಿಗೊಯ್ದು, ಅದರಲ್ಲಿ ಇಡ್ಲಿ ಪಾರ್ಸೆಲ್ ಕಟ್ಟಿ ಕಳಿಸಿಬಿಟ್ಟಿದ್ದ. ಅಂದಿನಿಂದ ಅವಳು ಅಪ್ಪ ಕೂತ ಕಡೆ ಉಪ್ಪಿನ ಭರಣಿ ಇದ್ದರೆ ಸಪ್ಪೆಯನ್ನೇ ತಿಂದು ಏಳುತ್ತಿದ್ದಳು.

ಚಾರ್ಟು ಹೋದ ಮೇಲೆ ಹುಡುಗಿ ಅಡುಗೆಮನೆಯಲ್ಲಿದ್ದದ್ದರಲ್ಲೇ ಮಾದರಿ ಮಾಡಿದಳು. ಮೂರು ಸ್ಟೀಲಿನ ತಟ್ಟೆ. ಒಂದರಲ್ಲಿ ಸೋಡಿಯಂ ಪರಮಾಣು: ನಡುವೆ ಬೂಂದಿ ಲಾಡು, ಅದರ ಸುತ್ತ ಎಲೆಕ್ಟ್ರಾನುಗಳೆಂದು ಬೆಲ್ಲದ ಪಾಕದಲ್ಲಿ ಅಂಟಿಸಿದ ನೆಲಗಡಲೆಗಳು, ತೀರ ಹೊರಗಿನ ಸುತ್ತಿನಲ್ಲಿ ಒಂದೇ ಒಂದು, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ. ಇನ್ನೊಂದರಲ್ಲಿ ನೀರಿನ ಅಣು: ಒಂದು ದೊಡ್ಡ ಲಾಡು, ಅದಕ್ಕೆ ಕಿವಿಯಂತೆ ಎರಡು ಪುಟ್ಟ ಲಾಡು. ಮೂರನೆಯದಕ್ಕೆ 'ಅಯಾನು' ಎಂದು ಚೀಟಿ. ನೋಡಿದರೆ ಮೊದಲನೆಯದರ ಅವಳಿ ತಂಗಿ.

"ಅವಳು ಆಗಲೇ ಶಾಲೆಗೆ ಹೋಗಿ ಆಯ್ತು" ಎಂದಳು ಹೆಂಡತಿ ಶ್ರೀಮತಿ. "ನೀವು ಇದನ್ನು ಇದ್ದದ್ದು ಇದ್ದ ಹಾಗೆ ಮುಟ್ಟಿಸಿ. ಸರಿಯಾಗಿ ಮುಟ್ಟಿದ್ರೆ ಮಾತಾಡ್ತಾಳಂತೆ. ಇಲ್ಲದಿದ್ರೆ ದೀಪಾವಳಿಗೂ ಇಲ್ಲ."

ಲೋಡ್‌ಶೆಡ್ಡಿಂಗಿನ ಹೊತ್ತು, ಲಿಫ್ಟು ನಿಂತಿತ್ತು. ಪುಂಡರೀಕಾಕ್ಷ ದೊಡ್ಡ ಟ್ರೇಯಲ್ಲಿ ತಟ್ಟೆಗಳನ್ನಿಟ್ಟುಕೊಂಡು, ತುಂಬಿದ ಬಸುರಿಯಂತೆ ಮೆಟ್ಟಿಲಿಳಿಯತೊಡಗಿದ. ಲಾಡು ಹಿಡಿದ ಮನುಷ್ಯ ನಮ್ಮ ಬಿಲ್ಡಿಂಗುಗಳಲ್ಲಿ ಕಣ್ಣು ತಪ್ಪಿಸಿ ಹೋಗುವುದುಂಟೇ? ಕೆಳಗಿನ ಮಹಡಿಯಲ್ಲಿ ಗಾಳಿಗೆಂದು ಬಾಗಿಲಲ್ಲೇ ಕೂತಿದ್ದ ರತ್ನಾವತಿಯಕ್ಕ ಎದ್ದು ನಿಂತರು.

"ಎಂತ ವಿಶೇಷ ಪುಂಡರೀಕಾಕ್ಷಣ್ಣ? ತಂಗಿಗೆ ಹೆರಿಗೆ ಆಯ್ತಾ? ಗಂಡಾ ಹೆಣ್ಣಾ?"

"ವಿಶೇಷ ಎಂತದೂ ಇಲ್ಲ ಅಕ್ಕ. ಇದು ವಿಜ್ಞಾನ."

"ವಿಜ್ಞಾನ ಆದ್ರೆ ತಿನ್ಲಿಕ್ಕಾಗ್ದಾ?" ಎನ್ನುವಷ್ಟರಲ್ಲಿ ಒಂದು ಪುಟ್ಟ ಲಾಡು ಅವರ ಬಾಯೊಳಗಿತ್ತು.

"ಅಯ್ಯೋ ಅಕ್ಕಾ, ಅದು ಹೈಡ್ರೋಜನ್! ನೀರು ಹೋಯ್ತಲ್ಲಾ!"

"ನೀರು ಹೋಗೋದು ಈ ಬಿಲ್ಡಿಂಗಿಗೆ ಹೊಸತಾ ಮಾರಾಯ್ರೆ? ದಿನಾ ಹೋಗ್ತದೆ."

ಗೇಟಿನಲ್ಲಿ ವಾಚ್‌ಮನ್ ಶಂಭು ಆಗಲೇ ಅಂಗೈ ಒಡ್ಡಿ ನಿಂತಿದ್ದ. "ಪೇಢಾ, ಸಾಬ್?" ಪುಂಡರೀಕಾಕ್ಷ ಅವನನ್ನು ಬಳಸಿ ಓಡಿ, ರಿಕ್ಷಾ ಹತ್ತಿ, ಸ್ಟೇಷನ್ ಹತ್ತಿರದ ತನ್ನ ಹೋಟೆಲಿನ ಅಡುಗೆಮನೆಗೇ ನುಗ್ಗಿದ.

"ಲಾಡು ಖಾಲಿ ಆಗ್ಯಾವ್ರೀ ಧಣ್ಯಾರ" ಎಂದ ಅಡುಗೆ ಹುಲಗಪ್ಪ. "ಗೋಳಿಬಜೆ ಅದಾವ. ಹಚ್ಚಲೇನ್ರೀ?"

"ಅದು ಹೈಡ್ರೋಜನ್ ಮಾರಾಯಾ!"

"ಏನರ ಇರಲ್ರೀ. ಬಿಸಿ ಇದ್ರ ಮಂದಿ ತಿಂತಾರ."

ಬೇರೆ ದಾರಿಯಿರಲಿಲ್ಲ. ನೀರಿನ ಒಂದು ಕಿವಿ ಎಣ್ಣೆ ಜಿನುಗುವ ಗೋಳಿಬಜೆಯದಾಯಿತು. ಹೊರಡುವ ಮುನ್ನ ಅಭ್ಯಾಸಬಲದಿಂದ ಪುಂಡರೀಕಾಕ್ಷ ತಟ್ಟೆಗಳ ಮೇಲೆ ಕಣ್ಣಾಡಿಸಿ ಎಣಿಸಿದ. ಮೊದಲ ತಟ್ಟೆಯಲ್ಲಿ ಹನ್ನೊಂದು ನೆಲಗಡಲೆ, ಮೂರನೆಯದರಲ್ಲಿ ಹತ್ತೇ! ಹೊರಗಿನ ಸುತ್ತು ಬರಿದು.

"ನೋಡು ಹುಲಗಪ್ಪ, ಆ ಅಕ್ಕ ಇದಕ್ಕೂ ಕೈ ಹಾಕಿದ್ದಾರೆ. ಇಷ್ಟು ವರ್ಷದಲ್ಲಿ ನನ್ನ ಹೋಟೆಲಿಂದ ಕಮ್ಮಿ ತಟ್ಟೆ ಹೊರಗೆ ಹೋದದ್ದುಂಟಾ?"

ಚಟ್ನಿಗೆ ಹುರಿದಿಟ್ಟದ್ದರಲ್ಲಿ ಅಂದವಾದದ್ದೊಂದು ನೆಲಗಡಲೆ ಆರಿಸಿ, ಪಾಕ ಹಚ್ಚಿ, ಊದಿ ಊದಿ ಕೂರಿಸಿದ. ಮಗಳು ಇವತ್ತು ಮಾತಾಡಿದಂತೆಯೇ ಎಂದು ದಾರಿಯುದ್ದಕ್ಕೂ ಹಾಡಿಕೊಂಡು ಹೋದ.

ಶಾಲೆಯಲ್ಲಿ ಪರೀಕ್ಷಕರಾಗಿ ಬಂದವರು ಮಧ್ವರಾಜರು, ಮಹಾಪೆಯ ಯಾವುದೋ ಕಾರ್ಖಾನೆಯಲ್ಲಿ ಕೆಮಿಸ್ಟರಾಗಿದ್ದು ನಿವೃತ್ತರಾದವರು. ಪುಂಡರೀಕಾಕ್ಷ ಅಪೇಕ್ಷಾಳ ಮೇಜಿನ ಮೇಲೆ ಟ್ರೇ ಇಳಿಸುವುದಕ್ಕೂ ಅವರು ಅಲ್ಲಿಗೆ ಬಂದು ಕನ್ನಡಕ ಏರಿಸುವುದಕ್ಕೂ ಸರಿಹೋಯಿತು.

"ನೀರಿನಿಂದ ಎಣ್ಣೆ ಸೋರೋದನ್ನು ನನ್ನ ಸರ್ವೀಸಿನಲ್ಲಿ ಇವತ್ತೇ ನೋಡಿದ್ದು. ಇರಲಿ. ಇದು ಪರಮಾಣು, ಸರಿ. ಇದೂ ಪರಮಾಣುವೇ. ಅಯಾನು ಎಲ್ಲಿ ಮಗೂ?"

ಅಪೇಕ್ಷಾ ತಟ್ಟೆ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವ ಮುಂಚಿನ ಗಳಿಗೆಯಂಥ ನೋಟ.

"ಒಂದು ಕಮ್ಮಿ ಇತ್ತು ಸರ್" ಎಂದ ಪುಂಡರೀಕಾಕ್ಷ ಹೆಮ್ಮೆಯಿಂದ. "ನಾನೇ ತುಂಬಿಸಿದೆ."

"ಅಯ್ಯೋ ದೇವರೇ! ಹೊರಗಿನ ಆ ಒಂದನ್ನು ಕಳಕೊಂಡ್ರೇ ಅಲ್ವೇನ್ರೀ ಅದು ಅಯಾನು ಆಗೋದು!"

ಪುಂಡರೀಕಾಕ್ಷನಿಗೆ ತಲೆಯೊಳಗೆ ದೀಪ ಹತ್ತಿತು. "ಹಾಗಾ! ಹಾಗಾದ್ರೆ ಪರಮಾಣು ಅಂದ್ರೆ ಲೆಕ್ಕಕ್ಕೆ ಸರಿಯಾಗಿ ಬಡಿಸಿದ ತಟ್ಟೆ. ಅಣು ಅಂದ್ರೆ ಒಂದೇ ಟೇಬಲಿಗೆ ಒತ್ತಿ ಕೂತ ಮನೆಯವರು. ಅಯಾನು ಅಂದ್ರೆ ಕಮ್ಮಿ ಬಡಿಸಿದ ತಟ್ಟೆ. ಅಂಥ ಗಿರಾಕಿ ಸುಮ್ಮನೆ ಕೂರ್ತಾನಾ ಸರ್? ಉರೀತಾನೆ! ಪಕ್ಕದ ಟೇಬಲಿಗೆ ಹೋಗಿ ಅಂಟಿಕೊಳ್ತಾನೆ!"

"ಹೆಚ್ಚು ಬಡಿಸಿದ್ರೂ ಅಯಾನೇ ಆಗ್ತದೆ" ಎಂದರು ಮಧ್ವರಾಜರು ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತ. "ಆದ್ರೆ ಅದು ನಿಮ್ಮ ಹೋಟೆಲಲ್ಲಿ ಆಗ್ಲಿಕ್ಕಿಲ್ಲ."

ನಗು ಕೇಳಿ ಮಕ್ಕಳು ಮುತ್ತಿದರು. ಟೀಚರುಗಳು ಬಂದರು. ಮತ್ತೊಮ್ಮೆ ಹೇಳಿ ಎಂದರು. ಇವನು ಕೈ ಬೀಸಿ ಬೀಸಿ ಹೇಳಿದ. ಮುಖ್ಯ ಅತಿಥಿಗಳು ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬರಲಾಗಲಿಲ್ಲವಾಗಿ, ಅವರಿಗೆಂದು ತಂದ ಶಾಲು, ತೆಂಗಿನಕಾಯಿ ಸುಮ್ಮನೆ ಬಿದ್ದಿದ್ದವು. ಹೆಡ್‌ಮಿಸ್ಟ್ರೆಸ್ಸು ಪುಂಡರೀಕಾಕ್ಷನನ್ನೇ ವೇದಿಕೆಗೆ ಕರೆದು ಹೊದಿಸಿಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಅಪೇಕ್ಷಾಳಿಗೆ, ಭಾಗವಹಿಸಿದ ಎಲ್ಲರಿಗೂ ಕೊಡುವ ಕಾಗದವೊಂದು ಸಿಕ್ಕಿತು.

ಗೇಟಿನ ಹೊರಗೆ ಅವಳು ತಟ್ಟೆಗಳೊಂದಿಗೆ ರಿಕ್ಷಾ ಹತ್ತಿದಳು. ಇವನು ಶಾಲು ಸರಿಪಡಿಸಿಕೊಳ್ಳುತ್ತ ಒಂದು ಕಾಲು ಒಳಗಿಟ್ಟ.

"ಇನ್ನಾದ್ರೂ ಮಾತಾಡು ಮಗಾ."

ಮಾತಾಡಿದಳು. ರಿಕ್ಷಾದವನೊಡನೆ.

"ಭೈಯಾ, ಚಲೋ. ಯೇ ಅಂಕಲ್ ಮೇರೇ ಸಾಥ್ ನಹೀ ಹೈ."

ಅಪ್ಪ 'ಜೊತೆಗಿಲ್ಲದ ಅಂಕಲ್' ಆಗಿಬಿಟ್ಟ; ರಿಕ್ಷಾ ಒಬ್ಬನನ್ನು ಕಮ್ಮಿ ಮಾಡಿಕೊಂಡು ಹೊರಟುಹೋಯಿತು. ಪುಂಡರೀಕಾಕ್ಷ ತೆಂಗಿನಕಾಯಿ ಎದೆಗೊತ್ತಿಕೊಂಡು ಹೊರಗಿನ ಸುತ್ತಿನ ನೆಲಗಡಲೆಯಂತೆ ರಸ್ತೆ ಅಂಚಿನಲ್ಲಿ ನಿಂತ. ಅಷ್ಟರಲ್ಲಿ ತರಕಾರಿ ಚೀಲದೊಂದಿಗೆ ರತ್ನಾವತಿಯಕ್ಕ ಎದುರಾದರು.

"ಶಾಲು! ತೆಂಗಿನಕಾಯಿ! ಬೆಳಿಗ್ಗೆ ವಿಶೇಷ ಎಂತದೂ ಇಲ್ಲ ಅಂತ ಸುಳ್ಳು ಹೇಳಿದ್ರಲ್ಲ ಪುಂಡರೀಕಾಕ್ಷಣ್ಣ? ಲಾಡು ಎಲ್ಲಿ?"