ದೊಡ್ಡಪ್ಪನ ಕಿವಿಯೂ ಡಾಕ್ಟರ ಆ್ಯಪೂ

ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಕೇಳುವಂತೆ ನಲ್ಲಿ ತಿರುಗಿಸುವ ಧೈರ್ಯ ಯಾರಿಗೂ ಇಲ್ಲ. ಹಜಾರದ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದವರು, ವಾಷರ್ ಸವೆದಿದೆ ಎಂದೋ, ಟ್ಯಾಂಕಿನಲ್ಲಿ ಇನ್ನು ನಾಲ್ಕೇ ಬಿಂದಿಗೆ ಉಳಿದಿದೆ ಎಂದೋ ಕೂತಲ್ಲಿಂದಲೇ ತೀರ್ಪು ಕೊಡುತ್ತಾರೆ. ಹತ್ತಿ ನೋಡಿದರೆ ನಾಲ್ಕೇ ಬಿಂದಿಗೆ! ಇಂಥವರ ಜೊತೆ ಒಂದೇ ಸೂರಿನಡಿ ಬಾಳುವುದು ಹೇಗೆ, ನೀವೇ ಹೇಳಿ.

ತಪ್ಪು ಅವರದಲ್ಲ, ಅವರ ಕೆಲಸದ್ದು. ಮಾಂಬಳ್ಳಿ ಸುತ್ತಿನ ಗದ್ದೆಗಳಿಗೆ ಮೂವತ್ತೈದು ವರ್ಷ ನೀರಗಂಟಿಯಾಗಿದ್ದವರು. ಅಂದರೆ, ಕೆರೆಯ ತೂಬೆತ್ತಿ ಗದ್ದೆಗದ್ದೆಗೂ ಪಾಳಿಯಂತೆ ನೀರು ಹಂಚುವ ಕೆಲಸ. ಏರಿಯ ಮೇಲೆ ನಿಂತು ಸದ್ದು ಕೇಳಿಯೇ ಯಾರ ಗದ್ದೆಗೆ ಎಷ್ಟು ಹರಿಯುತ್ತಿದೆ, ಯಾರು ಕದ್ದು ಬದು ಒಡೆದಿದ್ದಾರೆ ಎಂದು ಹೇಳುತ್ತಿದ್ದರು. ಚಿಕ್ಕವರಿದ್ದಾಗ ನಾವು ಕಾಲುವೆ ದಾಟಬೇಕಾದರೆ, ಪಂಚೆ ಎತ್ತಿ ಕಟ್ಟಿ ಮೊದಲು ತಾವು ಇಳಿಯುವರು. ಆಚೆ ದಡ ಮುಟ್ಟಿ ವಾಪಸ್ಸು ಬಂದು, ಮೊಣಕಾಲಿನವರೆಗೆ ಇದೆ, ಇನ್ನು ಇಳಿಯಿರಿ ಎನ್ನುವರು. ಮನೆ ಮುಂದಿನ ಚರಂಡಿಗೂ ಇದೇ ಮರ್ಯಾದೆ!

ಇಂಥವರಿಗೇ ಕಳೆದ ವರ್ಷ ಮೂತ್ರ ಕಟ್ಟತೊಡಗಿತು. ಅವರು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನಾನು ಪೇಪರನ್ನು ಕೊನೆಯ ಪುಟದವರೆಗೆ ಓದಿ ಮುಗಿಸಬಹುದಿತ್ತು. ಕೊಳ್ಳೇಗಾಲದ ಡಾಕ್ಟರು ನೋಡಿ, ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿದೆ, ಮೂತ್ರ ಹೀಗೇ ಒಳಗುಳಿದರೆ ಕಿಡ್ನಿಗೆ ಏಟು, ಮಾತ್ರೆ ಸಾಕೋ ಆಪರೇಷನ್ನೇ ಬೇಕೋ ತಿಳಿಯಲು ಹರಿವು ಅಳೆಯಬೇಕು ಎಂದರು. ಆಸ್ಪತ್ರೆಯ ಯಂತ್ರದ ಮುಂದೆ ನಿಲ್ಲಿಸಿದರೆ ದೊಡ್ಡಪ್ಪನಿಂದ ಒಂದು ಹನಿಯೂ ಬರಲಿಲ್ಲ. ಬಾಗಿಲಾಚೆ ನರ್ಸಮ್ಮ ಇದ್ದರಲ್ಲ, ಸಂಕೋಚ!

ಕೊನೆಗೆ ಡಾಕ್ಟರು ನನ್ನ ಹಳೆಯ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಫೋನನ್ನು ಬಚ್ಚಲ ಗೂಡಿನಲ್ಲಿಟ್ಟರೆ ಸಾಕು, ಅದು ಸದ್ದು ಕೇಳಿಸಿಕೊಂಡೇ ಹರಿವು ಎಷ್ಟು ಜೋರು, ಎಷ್ಟು ಹೊತ್ತು ಎಂದು ಗೆರೆ ಎಳೆದು ಅವರಿಗೆ ಕಳಿಸುತ್ತದೆ. ಎಷ್ಟೋ ಜನರ ಸದ್ದು ಕೇಳಿ ಕೇಳಿ ತಾನೇ ಕಲಿತ ಯಂತ್ರವಂತೆ. ದೊಡ್ಡಪ್ಪ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಷ್ಟ್ ವರ್ಸ ಸರ್ವೀಸು ಸಾ ಇದ್ಕೆ?"

ಎರಡು ವರ್ಷ ಇರಬಹುದು ಎಂದರು ಡಾಕ್ಟರು. ದೊಡ್ಡಪ್ಪ ಮತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮೂರು ದಿನ ಕಳೆದು ಡಾಕ್ಟರ ಫೋನ್ ಬಂತು. ಇದು ಎಪ್ಪತ್ತೈದು ದಾಟಿದವರ ಹರಿವಲ್ಲ, ಇಪ್ಪತ್ತರ ಹುಡುಗರಿಗೂ ಇಷ್ಟು ಚೆನ್ನಾಗಿರುವುದಿಲ್ಲ, ಅದೂ ಒಂದು ಸಲಕ್ಕೆ ಎರಡು ಲೀಟರ್ ತೋರಿಸುತ್ತಿದೆ ಎಂದರು. ಎರಡು ಲೀಟರ್! ಎಮ್ಮೆಯೇ ಯೋಚಿಸಬೇಕಾದ ಮಾತು. ಓಡಿಹೋಗಿ ಬಚ್ಚಲ ಬಾಗಿಲು ತಳ್ಳಿದರೆ, ದೊಡ್ಡಪ್ಪ ಹಿತ್ತಾಳೆ ಚೊಂಬು ಎತ್ತಿ ಹಿಡಿದು ಕಣ್ಣು ಮುಚ್ಚಿ ನೀರು ಬಿಡುತ್ತಿದ್ದಾರೆ. ಸಣ್ಣಗೆ ಶುರು, ಮೆಲ್ಲಗೆ ಏರಿಕೆ, ಸಮನಾದ ಧಾರೆ, ಇಳಿತ, ಕೊನೆಗೆ ಎರಡು ಹನಿ. ನೀರಗಂಟಿಯ ಕೈಯಲ್ಲವೇ! ಚೊಂಬಿನಲ್ಲಿ ಮುಕ್ಕಾಲು ಉಳಿಸಿದ್ದರೆ ಡಾಕ್ಟರೂ ನಂಬುತ್ತಿದ್ದರೇನೋ. ಆದರೆ ತೆರೆದ ಪಾಳಿಯನ್ನು ಅರ್ಧಕ್ಕೆ ನಿಲ್ಲಿಸುವುದು ಅವರ ಜನ್ಮದಲ್ಲಿ ಆಗದ ಕೆಲಸ.

ಸಿಕ್ಕಿಬಿದ್ದದ್ದಕ್ಕೆ ನಾಚಿಕೆ ಬೇಡವೇ? ಆ ಯಂತ್ರಕ್ಕೆ ಗೊತ್ತಾಗಲಿಲ್ಲವಲ್ಲ ಎಂದು ಅವರಿಗೆ ಖುಷಿಯೋ ಖುಷಿ.

ನಾನೂ ಹಟಕ್ಕೆ ಬಿದ್ದೆ. ಚೊಂಬು ಕಿತ್ತುಕೊಂಡೆ, ಮಗ್ ಹಿಡಿದರು. ಮಗ್ ಬಚ್ಚಿಟ್ಟೆ, ಕಾಫಿ ಲೋಟದೊಂದಿಗೆ ಹೊರಟರು. ಕೊನೆಗೆ ಬಚ್ಚಲಿಗೆ ಹೋಗುವ ಮುಂಚೆ ಪ್ರತಿ ಸಲ ಎರಡೂ ಕೈ ತೋರಿಸಬೇಕೆಂದು ಕಾನೂನು ಮಾಡಿದೆ. ಆಮೇಲೆ ಬಂತು ನೋಡಿ ನಿಜವಾದ ಗೆರೆ. ನೆಲಕ್ಕೆ ಅಂಟಿಕೊಂಡು, ನಿಂತು ನಿಂತು ತೆವಳುವ ಗೆರೆ. ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಪ್ರಾಣ ಹೋದರೂ ಕತ್ತರಿ ಮುಟ್ಟಿಸಿಕೊಳ್ಳುವುದಿಲ್ಲ ಎಂದರು ದೊಡ್ಡಪ್ಪ. ಒಂದು ವಾರ ಬೈದೆ, ಬೇಡಿದೆ, ಊಟ ಬಿಟ್ಟೆ. ಅವರು ಅಲುಗಲಿಲ್ಲ. ಕಿಡ್ನಿ ಕೆಟ್ಟರೆ ಏನು ಗತಿ ಎಂದು ನನಗೆ ಅನ್ನ ಸೇರದಂತಾಗಿತ್ತು.

ಒಂದು ಬೆಳಿಗ್ಗೆ ನಾನು ಬಚ್ಚಲಿಂದ ಹೊರಬಂದೆ. ದೊಡ್ಡಪ್ಪ ಎಂದಿನಂತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು.

"ಆಪ್ರೇಸನ್ಗೆ ಬತ್ತೀನಿ ಕಣ್ಲಾ. ಆದ್ರ ನಾಳಿಂದ ಆ ಫೋನ ನೀನೂ ತಕಂಡು ಒಳಕ್ಕ ಓಗು."

ನನಗೇನಾಗಿದೆ ಎಂದು ನಕ್ಕೆ.

"ಆರ್ ತಿಂಗ್ಳಿಂದ ಕೇಳ್ತಾವ್ನಿ. ನಿಂತು ನಿಂತು ಬತ್ತಾದ. ನಂಗೂ ಇಂಗೇ ಸುರುವಾದ್ದು."

ನನಗೀಗ ಐವತ್ತನಾಲ್ಕು. ಆರು ತಿಂಗಳಿಂದ ನಾನು ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದ ವಿಷಯ ಅದು. ಡಾಕ್ಟರ ಎದುರು ವಾರವಾರ ಕುಳಿತರೂ ಬಾಯಿ ಬಿಟ್ಟಿರಲಿಲ್ಲ. ಅವರ ಕೈಯಿಂದ ಚೊಂಬು ಕಿತ್ತ ಈ ಶೂರ, ತನ್ನ ಸರದಿ ಬಂದಾಗ ಬಾಗಿಲ ಚಿಲಕ ಭದ್ರ ಮಾಡಿಕೊಂಡಿದ್ದ. ನಗು ಮುಂದುವರಿಸಲು ನೋಡಿದೆ, ಆಗಲಿಲ್ಲ. ನನಗೂ ಭಯ ದೊಡ್ಡಪ್ಪ ಎಂದುಬಿಟ್ಟೆ.

ಅವರು ಕಣ್ಣು ತೆರೆದರು. ಎದ್ದು ನಿಂತು ಪಂಚೆ ಎತ್ತಿ ಕಟ್ಟಿದರು.

"ಮೊದ್ಲು ನಾನ್ ಓಯ್ತೀನಿ. ನೋವಾದದೋ ಇಲ್ವೋ ವಾಪಸ್ ಬಂದು ಯೋಳ್ತೀನಿ. ಆಮೇಕ ನೀ ಬಾ."