ನಾನು ಇನ್ನೇನು ತಿನ್ನಲಿದ್ದೇನೆ

ಹಿಂದಿ ಮೇಷ್ಟ್ರು ಪ್ರಸನ್ನಕುಮಾರ್ ಅವರ ಕಷ್ಟವೆಲ್ಲ ಒಂದು ತೆಂಗಿನಕಾಯಿಯಿಂದ ಶುರುವಾಯಿತು.

"ದೇವ್ರ ಕಾಯಿನ ಊಟದ ಡಬ್ಬಿ ಜೊತೆ ಚೀಲಕ್ಕೆ ಹಾಕ್ತೀರೇನ್ರೀ? ಮೈಲಿಗೆ ಆಗಲ್ವಾ? ಕೈಲೇ ಹಿಡ್ಕೊಂಡೋಗಿ. ಗಣಪತಿ ಗುಡೀಲಿ ಒಡೆಸ್ಕೊಂಡು ಬಸ್ ಹತ್ತಿ" ಎಂದು ಹೆಂಡತಿ ಹೇಮಾವತಿ ಬೆಳಿಗ್ಗೆಯೇ ಅಪ್ಪಣೆ ಮಾಡಿದಳು. ಮೇಷ್ಟ್ರು ಜುಟ್ಟಿನ ಕಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಪಂಚನಹಳ್ಳಿಯ ಮನೆಯಿಂದ ಹೊರಬಿದ್ದರು.

ಅವತ್ತು ಅವರಿಗೆ ದೇವರ ಅಗತ್ಯ ನಿಜವಾಗಿಯೂ ಇತ್ತು. ಅವರು ಪಾಠ ಮಾಡುತ್ತಿದ್ದ ಕಡೂರಿನ ಖಾಸಗಿ ಶಾಲೆಯ ಅಧ್ಯಕ್ಷ ಜಯದೇವಪ್ಪನವರು, "ಜೂನಿಂದ ಹಿಂದಿ ಇಲ್ಲ ಮೇಷ್ಟ್ರೇ, ಫ್ರೆಂಚು. ಶುಕ್ರವಾರ ಹನ್ನೊಂದಕ್ಕೆ ಡೆಮೊ ಕ್ಲಾಸ್ ಮಾಡಿ. ಮಕ್ಳು ಒಪ್ಪಿದ್ರೆ ಕೆಲಸ ಖಾಯಂ, ಇಲ್ದಿದ್ರೆ ನಮಸ್ಕಾರ" ಎಂದುಬಿಟ್ಟಿದ್ದರು. ಹೊಟ್ಟೆಪಾಡು ಎಂಥವರಿಗೂ ವಿದ್ಯೆ ಕಲಿಸುತ್ತದೆ. ಮೇಷ್ಟ್ರು ಫೋನು ನೋಡಿ ನೋಡಿ ಫ್ರೆಂಚ್ ಕಲಿತರು. ಡೆಮೊಗೆ ಸಿಕ್ಕಿದ ಪಾಠ, ಸಮೀಪದ ಭವಿಷ್ಯತ್ ಕಾಲ.

ಅದೊಂದು ವಿಚಿತ್ರ ಕಾಲ. ಇನ್ನೇನು ಒಂದು ಕೆಲಸ ಮಾಡಲಿದ್ದೇನೆ ಎನ್ನಬೇಕಾದರೆ ಫ್ರೆಂಚರು ಆ ಕೆಲಸಕ್ಕೆ ಮುಂಚೆ 'ಹೋಗು' ಎಂಬುದನ್ನು ಸೇರಿಸುತ್ತಾರೆ. ತಿನ್ನಬೇಕಾದರೂ ಹೋಗಬೇಕು, ಕೂತಲ್ಲೇ ನಿದ್ದೆ ಮಾಡಬೇಕಾದರೂ ಹೋಗಬೇಕು. ಆ 'ಹೋಗು' ಒಬ್ಬೊಬ್ಬರಿಗೆ ಒಂದೊಂದು ವೇಷ ಹಾಕುತ್ತದೆ. ನಾನು ಎಂದರೆ 'ವೇ', ನೀನು ಎಂದರೆ 'ವಾ'. 'ನಾವು' ಬಂದಾಗಲಂತೂ ಎಲ್ಲವೂ ಅದಲುಬದಲಾಗಿ 'ನೂಜಾಲೋಂ' ಎಂದಾಗುತ್ತದೆ.

"ಝ ವೇ ಮಾಂಝೇ, ನಾನು ಇನ್ನೇನು ತಿನ್ನಲಿದ್ದೇನೆ. ತ್ಯೂ ವಾ ಮಾಂಝೇ, ನೀನು ಇನ್ನೇನು ತಿನ್ನಲಿದ್ದೀಯೆ..." ಎಂದು ಗೊಣಗುತ್ತಾ ಮೇಷ್ಟ್ರು ಅರ್ಧ ಕಣ್ಣು ಮುಚ್ಚಿ ಬೀರಯ್ಯನ ಹೊಲಕ್ಕೆ ಇಳಿದರು. ಬಸ್ ಸ್ಟಾಪಿಗೆ ಅದೇ ಒಳದಾರಿ. ಹೊಲದ ನಡುವೆ 'ನಾವು' ಬಂತು, ನಾಲಿಗೆ ನಿಂತಿತು. ನಾಲಿಗೆಯ ಜೊತೆ ಕಾಲೂ ನಿಂತಿತು. ಗಕ್ಕನೆ ನಿಂತ ರಭಸಕ್ಕೆ ಅಂಗೈ ಮೇಲೆ ಮಲಗಿದ್ದ ಕಾಯಿ ಜುಟ್ಟು ಮೇಲಾಗಿ ಎದ್ದು ನಿಂತಿತು.

"ನಿಂತ್ಬಿಡ್ತು! ಕಾಯಿ ನಿಂತ್ಬಿಡ್ತು ಕಣ್ರಲೇ!" ಎಂದು ಬೀರಯ್ಯ ಕೂಗಿಕೊಂಡ.

ಬೀರಯ್ಯನದೂ ತಪ್ಪಿಲ್ಲ. ಈ ಸೀಮೆಯಲ್ಲಿ ಅಂತರ್ಜಲ ನೋಡುವವರು ಹೀಗೆಯೇ ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಅರ್ಥ. ಅವನ ಹೊಲದಲ್ಲಿ ಆಗಲೇ ಎರಡು ಬೋರು ಒಣಗಿದ್ದವು. ಮೂರನೆಯದಕ್ಕೆ ಬೋರ್ ಲಾರಿ ಬಂದು ನಿಂತಿತ್ತು, ಪಾಯಿಂಟ್ ತೋರಿಸಬೇಕಾದವನು ಮಾತ್ರ ತರೀಕೆರೆಯಿಂದ ಬಂದಿರಲಿಲ್ಲ.

"ಅಯ್ಯೋ ಬೀರಯ್ಯ, ನಾನು ಪಾಠ ಹೇಳ್ಕೊತಾ ಇದ್ದೆ ಕಣಪ್ಪ. ನಂಗೆ ಈ ವಿದ್ಯೆ ಗೊತ್ತಿಲ್ಲ."

"ಗೊತ್ತಿರೋರು ಯಾರೂ ಗೊತ್ತು ಅನ್ನಲ್ಲ ಬಿಡಿ ಸಾ" ಎಂದು ಬೀರಯ್ಯನ ಹೆಂಡತಿ ಕರಿಯಮ್ಮ ಮೇಷ್ಟ್ರ ಕಾಲಬುಡಕ್ಕೇ ಅರಿಶಿನ ಕುಂಕುಮ ಹಾಕಿದಳು. ಕಾಯಿಯನ್ನೂ ಅಲ್ಲೇ ಒಡೆದರು. ಗಣಪತಿಯ ಪಾಲು ಭೂಮಿತಾಯಿಗೆ ಹೋಯಿತು.

"ಹನ್ನೊಂದಕ್ಕೆ ಕ್ಲಾಸಿದೆ, ಬಿಡ್ರಪ್ಪಾ!"

"ಎಲ್ಲಾದ್ರೂ ಉಂಟಾ? ಪಾಯಿಂಟ್ ಕೊಟ್ಟೋರು ನೀರು ಬೀಳೋಗಂಟ ಜಾಗ ಬಿಡಂಗಿಲ್ಲ" ಎಂದ ಬೀರಯ್ಯನ ತಮ್ಮ ಕೆಂಪರಾಜು, ಮೇಷ್ಟ್ರ ಚೀಲ ಕಿತ್ತುಕೊಂಡು.

ಲಾರಿ ಅಬ್ಬರಿಸಿತು. ಮೂಗು ಬಾಯಿಗೆಲ್ಲ ಬಿಳಿ ಧೂಳು. ಗಂಟೆ ಹತ್ತಾದರೂ ಧೂಳೇ. ನೀರು ಬೀಳದಿದ್ದರೆ ಊರಿನವರು ಬಿಡುವುದಿಲ್ಲ, ಹೊತ್ತು ಮೀರಿದರೆ ಜಯದೇವಪ್ಪ ಇಟ್ಟುಕೊಳ್ಳುವುದಿಲ್ಲ. ಮೇಷ್ಟ್ರಿಗೆ ಅಳು ಬಂತು. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ ಮತ್ತೆ ಕ್ರಿಯಾಪದಕ್ಕೇ ಶರಣಾದರು. ಅಬ್ಬರದಲ್ಲಿ ತಮ್ಮ ದನಿ ತಮಗೇ ಕೇಳಿಸದೆ, "ನೂಜಾಲೋಂ ಮಾಂಝೇ!" ಎಂದು ಕಿರುಚಿದರು.

ಕೈಮುಗಿದು ನಿಂತಿದ್ದ ಕರಿಯಮ್ಮ ಅಷ್ಟೇ ಭಕ್ತಿಯಿಂದ "ನೂಜಾಲೋಂ ಮಾಂಝೇ" ಎಂದಳು. ಸುತ್ತ ನಿಂತವರೆಲ್ಲ ದನಿಗೂಡಿಸಿದರು. ಇಡೀ ಹೊಲವೇ ಒಕ್ಕೊರಲಿನಿಂದ ತಾವೆಲ್ಲರೂ ಇನ್ನೇನು ತಿನ್ನಲಿದ್ದೇವೆ ಎಂದು ಫ್ರೆಂಚಿನಲ್ಲಿ ಸಾರಿತು. ಆ ಕ್ಷಣಕ್ಕೆ ಭೂಮಿಯೊಳಗೆ ಏನೋ ಗುಡುಗಿದಂತಾಗಿ ನೀರು ತೆಂಗಿನಮರದೆತ್ತರ ಚಿಮ್ಮಿತು!

ಶಿಳ್ಳೆ, ಕೇಕೆ. ಬೀರಯ್ಯ ಮಗುವಿನ ಹಾಗೆ ಅತ್ತ. ಮೇಷ್ಟ್ರಿಗೆ ಹಾರ ಬಿತ್ತು, ಅದರ ಮೇಲೆ ಕೆಸರು ಬಿತ್ತು. ಕೆಂಪರಾಜು ಅವರನ್ನು ಬೈಕಿನ ಹಿಂದೆ ಹೇರಿಕೊಂಡು ಕಡೂರಿಗೆ ಹಾರಿಸಿದ.

ತರಗತಿಯಲ್ಲಿ ಜಯದೇವಪ್ಪನವರು ಗಡಿಯಾರ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ಅವರ ಸೊಸೆ ಸ್ಫೂರ್ತಿ, ಕೈಯಲ್ಲಿ ಫೋನು. ಬಾಗಿಲಲ್ಲಿ ಹಾರ ಹಾಕಿಕೊಂಡ ಕೆಸರಿನ ಮೂರ್ತಿ ಕಂಡಿತು. ಮಕ್ಕಳು ನಗುವುದಕ್ಕೆ ಮುಂಚೆಯೇ ಅದು ಬಾಯಿಬಿಟ್ಟಿತು. ಭೂಮಿಯನ್ನೇ ಒಲಿಸಿಕೊಂಡವರಿಗೆ ಏಳನೇ ಕ್ಲಾಸು ಯಾವ ಲೆಕ್ಕ? ನಾನು, ನೀನು, ಅವನು, ನಾವು, ನೀವು, ಅವರು, ಒಂದೂ ತಪ್ಪಲಿಲ್ಲ. ಮಕ್ಕಳು ಬೆಂಚು ಬಡಿದು ಜೊತೆಗೆ ಹೇಳಿದರು. ಗಂಟೆ ಹೊಡೆದರೂ ಒಬ್ಬನೂ ಏಳಲಿಲ್ಲ. ಇಪ್ಪತ್ತು ವರ್ಷ ಹಿಂದಿ ಪಾಠ ಮಾಡಿದಾಗ ಸಿಗದ ಚಪ್ಪಾಳೆ ಸಿಕ್ಕಿ ಮೇಷ್ಟ್ರ ಕಣ್ಣು ತುಂಬಿತು.

ಜಯದೇವಪ್ಪನವರು ಕೈಕುಲುಕಿ ಹೊರಗೆ ಕರೆದೊಯ್ದರು. "ಭೇಷ್ ಮೇಷ್ಟ್ರೇ! ನಿಮ್ ಬ್ಲಡ್ ಗ್ರೂಪ್ ಯಾವ್ದು?"

ಖಾಯಂ ಆದೇಶಕ್ಕೆ ಅದೂ ಬೇಕೇನೋ ಎಂದುಕೊಂಡ ಮೇಷ್ಟ್ರು ಹೆಮ್ಮೆಯಿಂದ, "ಓ ಪಾಸಿಟಿವ್ ಸಾರ್" ಎಂದರು.

"ನಾನಾಗ್ಲೇ ಅಂದ್ಕೊಂಡೆ! ನೀರು ಒಲಿಯೋದು ಓ ಪಾಸಿಟಿವ್ ರಕ್ತಕ್ಕೇ. ಬೀರಯ್ಯನ ಹೊಲದ ವಿಡಿಯೋ ನೀವು ಬರೋಕೆ ಮುಂಚೆನೇ ನನ್ ಫೋನಿಗೆ ಬಂದಿತ್ತು. ಕಾರು ಹತ್ತಿ. ಅಜ್ಜಂಪುರದಲ್ಲಿ ನಮ್ ಹಾಸ್ಟೆಲ್ ಸೈಟಲ್ಲಿ ಹಾಕ್ಸಿದ ಬೋರೆಲ್ಲ ಫೇಲು. ಲಾರಿ ಕಾಯ್ತಾ ನಿಂತದೆ. ನೀರು ಬಿದ್ದ ತಕ್ಷಣ ನಿಮ್ ಕೆಲಸ ಖಾಯಂ."

"ಸಾರ್, ಮತ್ತೆ ಫ್ರೆಂಚು?"

"ಅದಕ್ಕೆ ನಮ್ ಸ್ಫೂರ್ತಿ ಇದಾಳಲ್ಲ. ಮನೇಲಿ ಕೂತು ಬೇಜಾರು ಅಂತಿದ್ಲು. ನಿಮ್ ಪಾಠ ಪೂರ್ತಿ ಫೋನಲ್ಲಿ ಹಿಡ್ಕೊಂಡಿದಾಳೆ."

"ಅಕಸ್ಮಾತ್ ನೀರು ಬೀಳ್ಲಿಲ್ಲ ಅಂದ್ರೆ ಸಾರ್?"

"ಏನ್ಮಾಡಕ್ಕಾಯ್ತದೆ? ಹಿಂದಿ ಮೇಷ್ಟ್ರು ಹೆಂಗೂ ಬೇಕಿಲ್ಲ" ಎಂದು ಜಯದೇವಪ್ಪನವರು ಪ್ರೀತಿಯಿಂದ ಕಾರಿನ ಬಾಗಿಲು ತೆಗೆದರು. ಒಳಗೆ ಸೀಟಿನ ಮೇಲೆ ಒಂದು ಮೂಟೆ ತೆಂಗಿನಕಾಯಿ ಕೂತಿತ್ತು. ಮೇಷ್ಟ್ರು ಅದರ ಪಕ್ಕ ಒತ್ತಿಕೊಂಡು ಕೂತರು. ಕಾರು ಹೊರಡುವಾಗ ತರಗತಿಯ ಕಿಟಕಿಯಿಂದ ಸ್ಫೂರ್ತಿಯ ದನಿ ಕೇಳಿಸಿತು. ಅವಳು ಆಗಲೇ ಪಾಠ ಶುರುಮಾಡಿದ್ದಳು; ಉಚ್ಚಾರಣೆ ಮಾತ್ರ ಅಪ್ಪಟ ಪಂಚನಹಳ್ಳಿಯದು.